ಬಾಣೆಗೆ ದನ ಬಿಟ್ಟ ವರ್ಷ

ಕಳೆದ ವಾರ ಸೋಮವಾರಪೇಟೆಯಿಂದ ಮಡಿಕೇರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮಾದಾಪುರ ದಾಟಿದ ಮೇಲೆ ಯಾರೋ ಒಂದು ಗುಡ್ಡದ ಇಳಿಜಾರನ್ನು ಸುಟ್ಟಿದ್ದರು. ಅದರ ಮೇಲೆ ಬೆಳಿಗ್ಗೆ ಒಂದು ಮಳೆ ಬಿದ್ದಿತ್ತು. ಕರಿಯ ನೆಲದ ಆ ಒದ್ದೆ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಮೇಷ್ಟರೊಬ್ಬರು ಉದ್ದಕ್ಕೆ ಉಸಿರೆಳೆದುಕೊಂಡು, ಇಂಥ ಪರಿಮಳ ಬೇರೆ ಸೀಮೆಯಲ್ಲಿ ಸಿಗುವುದಿಲ್ಲ ಎಂದರು. ನಾನು ಟವೆಲಿನಿಂದ ಮೂಗು ಮುಚ್ಚಿಕೊಂಡೆ. ಬಸ್ಸು ಆಗಿಬರುವುದಿಲ್ಲವೇ ಎಂದು ಪಾಪ ಅವರು ನಿಂಬೆಹಣ್ಣು ಕೊಟ್ಟರು. ಬಸ್ಸು ನನಗೆ ಚೆನ್ನಾಗಿಯೇ ಆಗಿಬರುತ್ತದೆ. ಆಗಿಬರದ್ದು ಆ ವಾಸನೆ.

ಕೊಡಗು ಇನ್ನೂ ಇಂಗ್ಲಿಷರ ಕೈಯಲ್ಲಿದ್ದ ಕಾಲ. ಕೊಡ್ಲಿಪೇಟೆಗೆ ಒಂದು ಹರದಾರಿ ದೂರದ ನಮ್ಮೂರಲ್ಲಿ ಇದ್ದದ್ದು ಆರೇ ಮನೆ. ಎಲ್ಲರೂ ವಿಭೂತಿ ಹಚ್ಚುವ ಬೇಸಾಯಗಾರರು. ಊರಿಗೆ ತಾಗಿ ಒಬ್ಬ ಇಂಗ್ಲಿಷ್ ದೊರೆಯ ಕಾಫಿ ಎಸ್ಟೇಟು. ನಾನು ಅಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ಇಪ್ಪತ್ತಾರು ವಯಸ್ಸು, ಇಂಗ್ಲಿಷ್ ಬರುತ್ತಿತ್ತು, ತಲೆಯ ಮೇಲೆ ಟೋಪಿ ಇತ್ತು. ಊರಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ ಆದ್ದರಿಂದ ಲೋಕದಲ್ಲಿ ತಿಳಿಯಬೇಕಾದದ್ದೆಲ್ಲ ನನಗೆ ತಿಳಿದಿದೆ ಎಂದುಕೊಂಡಿದ್ದೆ.

ಗದ್ದೆಗಳ ಮೇಲಿನ ಗುಡ್ಡದಲ್ಲಿ ಆರು ಮನೆಗೂ ಸೇರಿದ ಬಾಣೆ ಇತ್ತು. ದನ ಮೇಯಲು, ಸೊಪ್ಪು ತರಲು ಬಿಟ್ಟ ಹುಲ್ಲುಗಾವಲು. ಅಜ್ಜಂದಿರ ಕಾಲದಲ್ಲಿ ಹುಲ್ಲು ಎದೆಯುದ್ದ ಬೆಳೆಯುತ್ತಿತ್ತಂತೆ. ನಾನು ಕಂಡಾಗ ಅರ್ಧ ಭಾಗ ಲಂಟಾನದ ಮುಳ್ಳುಪೊದೆ, ಉಳಿದರ್ಧ ದನದ ಗೊರಸಿಗೆ ಸವೆದು ಕೆಮ್ಮಣ್ಣು ಬಿಟ್ಟುಕೊಂಡ ನೆಲ. ಅಲ್ಲಿ ಇಲ್ಲಿ ಮೂತಿಗೆ ಚುಚ್ಚುವ ಕರಡದ ಹುಲ್ಲು. ದನಗಳ ಪಕ್ಕೆ ಎಣಿಸಬಹುದಾಗಿತ್ತು. ದೊರೆಗೆ ಕಾಫಿ ಗಿಡಕ್ಕೆ ಗೊಬ್ಬರ ಬೇಕಿತ್ತು. ಹುಲ್ಲಿಲ್ಲದೆ ದನವಿಲ್ಲ, ದನವಿಲ್ಲದೆ ಗೊಬ್ಬರವಿಲ್ಲ ಎಂದು ಅವನು ಒಂದು ಏರ್ಪಾಡು ಹೇಳಿದ. ಬಾಣೆಯನ್ನು ಒಂದು ವರ್ಷ ಪೂರ್ತಿ ಮುಚ್ಚಬೇಕು. ಲಂಟಾನ ಬೇರುಸಹಿತ ಕಿತ್ತು, ನೆಲ ಉತ್ತು, ಅವನು ತರಿಸುವ ಸುಡಾನ್ ಹುಲ್ಲಿನ ಬೀಜ ಬಿತ್ತಬೇಕು. ಆಮೇಲೆ ನಾಲ್ಕು ಭಾಗವಾಗಿ ಬೇಲಿ ಹಾಕಿ, ಸರದಿಯ ಮೇಲೆ ಮೇಯಿಸಬೇಕು. ಒಂದು ಭಾಗ ಮೇಯುವಾಗ ಮೂರು ಭಾಗ ಸುಧಾರಿಸಿಕೊಳ್ಳುತ್ತವೆ. ಬೀಜ ಅವನದು, ಗೊಬ್ಬರದಲ್ಲಿ ಅರ್ಧ ಎಸ್ಟೇಟಿಗೆ.

ಒಂದು ವರ್ಷ ದನಗಳನ್ನು ಎಲ್ಲಿ ಮೇಯಿಸುವುದು ಎಂದು ಊರವರು ಕೇಳಿದರು. ನಾನು ಮನೆಮನೆ ಹತ್ತಿ ಇಳಿದು ಒಪ್ಪಿಸಿದೆ. ಕೊನೆಗೆ ಒಪ್ಪದೆ ಉಳಿದವರು ಮಲ್ಲಪ್ಪಜ್ಜ ಒಬ್ಬರೇ. ಊರಿಗೆ ಹಿರಿಯರು, ಅವರ ಮಾತು ದಾಟಿ ಯಾರೂ ಹೋಗುತ್ತಿರಲಿಲ್ಲ. ಒಂದು ಸಂಜೆ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಾ, "ಹುಲ್ಲು ನಂಬಿ ಅಲ್ಲ ಕಣಪ್ಪ, ನಿನ್ನ ನಂಬಿ ಹೂಂ ಅಂತೀನಿ" ಎಂದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಆ ರಾತ್ರಿ ಊಟ ಸೇರಲಿಲ್ಲ.

ಮುಂಗಾರಿಗೆ ಮುಂಚೆ ಆರು ಮನೆಯವರೂ ಸೇರಿ ಲಂಟಾನ ಕಿತ್ತೆವು. ಕೈಯೆಲ್ಲ ಗೀರು. ಹುತ್ತ ಒಡೆದು ಸಮ ಮಾಡಿ, ಇಳಿಜಾರಿಗೆ ಅಡ್ಡಲಾಗಿ ಉತ್ತು, ಬೂದಿ ಎರಚಿ ಬಿತ್ತಿದೆವು. ಮಳೆಗಾಲ ಕಳೆಯುವ ಹೊತ್ತಿಗೆ ಹುಲ್ಲು ನನ್ನ ಟೋಪಿ ಮುಚ್ಚುವಷ್ಟು ಎದ್ದಿತ್ತು. ಜನ ಬೇಲಿಯ ಹೊರಗೆ ನಿಂತು ಬಾಯಿ ಬಿಟ್ಟುಕೊಂಡು ನೋಡಿದರು. ದೀಪಾವಳಿಗೆ ಕೊಯ್ದು ಒಣಗಿಸಿ ಎಸ್ಟೇಟಿಗೂ ಊರಿಗೂ ಹಂಚಿಕೊಂಡೆವು. ಒಣಹುಲ್ಲನ್ನು ದನಗಳು ಕಡ್ಡಿ ಬಿಡದೆ ತಿಂದವು. ಅಲ್ಲಿಗೆ ನನ್ನ ತಲೆ ಪೂರ್ತಿ ತಿರುಗಿತು.

ಆ ಮಾಗಿಯಲ್ಲಿ ನನ್ನ ಮದುವೆಯಾಯಿತು. ಗಿರಿಜೆ ಅರಸೀಕೆರೆ ಕಡೆಯ ಬಯಲಿನವಳು. ಮಳೆಗಾಲದ ನಮ್ಮ ಸೀಮೆ ನೋಡಿದವಳಲ್ಲ, ಜಿಗಣೆ ಎಂದರೆ ಹೆದರುತ್ತಿದ್ದಳು, ನಮ್ಮ ಕಡುಬು ಅವಳಿಗೆ ಸಪ್ಪೆ. ಅವಳ ರಾಗಿ ಜೋಳದ ಮಾತುಗಳನ್ನು ನಾವೆಲ್ಲ ಆಡಿಕೊಂಡು ನಗುತ್ತಿದ್ದೆವು. ಬಂದ ಹೊಸದರಲ್ಲಿ ಒಂದು ದಿನ ಅಟ್ಟದಿಂದ ಹುಲ್ಲು ಇಳಿಸುತ್ತಾ, ಇದರ ಗೆಣ್ಣು ನಮ್ಮ ಕಡೆಯ ಜೋಳದ ದಂಟಿನ ಹಾಗೆಯೇ ಇದೆಯಲ್ಲ ಎಂದಳು. ಜೋಳ ಬಯಲುಸೀಮೆಯ ಬಡವರದು, ಇದು ಸುಡಾನ್ ದೇಶದ್ದು, ಆ ದೇಶ ಈಜಿಪ್ಟಿನ ಕೆಳಗಿದೆ, ಅಲ್ಲಿ ನೈಲ್ ಎಂಬ ನದಿ ಹರಿಯುತ್ತದೆ ಎಂದು ನಾನು ಹೇಳಿದೆ. ಅವಳು ಹುಲ್ಲಿನ ಹೊರೆ ಎತ್ತಿಕೊಂಡು ಕೊಟ್ಟಿಗೆಗೆ ಹೋದಳು. ಭೂಗೋಳದ ಎದುರಿಗೆ ಅವಳಾದರೂ ಏನು ಹೇಳಿಯಾಳು.

ಶಿವರಾತ್ರಿಗೆ ಮುಂಚೆ ದೊರೆ ರಜೆಯ ಮೇಲೆ ಇಂಗ್ಲೆಂಡಿಗೆ ಹೊರಟ. ಹೊರಡುವ ದಿನ ಬಾಣೆಯ ಬಗ್ಗೆ ಒಂದು ಹಾಳೆ ಬರೆದುಕೊಟ್ಟ. ಬೇಲಿ ಹೇಗಿರಬೇಕು, ಸರದಿ ಎಷ್ಟು ದಿನಕ್ಕೊಮ್ಮೆ, ಬೀಜ ಎಲ್ಲಿಡಬೇಕು. ಅದರಲ್ಲೊಂದು ಸಾಲು, ಹುಲ್ಲು ಸೊಂಟದೆತ್ತರ ಬರುವ ತನಕ ದನ ಬಿಡತಕ್ಕದ್ದಲ್ಲ ಎಂದು. ಯಾಕೆ ಎಂದು ಬರೆದಿರಲಿಲ್ಲ. ನಾನೂ ಕೇಳಲಿಲ್ಲ. ಎಳೆಯದರಲ್ಲೇ ಮೇಯಿಸಿದರೆ ಒಣಹುಲ್ಲು ಕಡಿಮೆಯಾಗುತ್ತದೆ, ಅದಕ್ಕೇ ಬರೆದಿದ್ದಾನೆ, ದೊರೆಗಳಿಗೆ ಎಲ್ಲದರಲ್ಲೂ ಲೆಕ್ಕ ಎಂದುಕೊಂಡು ಹಾಳೆ ಮಡಿಸಿ ಕೋಟಿನ ಜೇಬಿಗೆ ಹಾಕಿದೆ.

ನಮ್ಮ ಕಡೆ ಬಾಣೆಗೆ ಬೇಸಿಗೆಯಲ್ಲಿ ಬೆಂಕಿ ಹಾಕುವುದು ತಲೆತಲಾಂತರದ ಪದ್ಧತಿ. ಹಳೆಯ ಕಡ್ಡಿ ಸುಟ್ಟು ಹೋಗುತ್ತದೆ, ದನಕ್ಕೆ ಹತ್ತುವ ಉಣ್ಣೆ ಸಾಯುತ್ತವೆ, ಕಾಫಿ ಅರಳಿಸುವ ಹೂಮಳೆ ಬಿದ್ದ ವಾರಕ್ಕೆ ಕರಿಯ ನೆಲದಿಂದ ಮೆತ್ತನೆಯ ಚಿಗುರು ಏಳುತ್ತದೆ. ಬೇಸಿಗೆಯಲ್ಲಿ ಬಡಕಲಾದ ದನಗಳಿಗೆ ಅದಕ್ಕಿಂತ ಒಳ್ಳೆಯ ಮೇವಿಲ್ಲ. ಇದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ದೊರೆಯ ಹಾಳೆಯಲ್ಲಿ ಬೆಂಕಿಯ ಸುದ್ದಿ ಇರಲಿಲ್ಲ. ನಾವು ಹೊಸ ಹುಲ್ಲು ಕೊಯ್ದು ಉಳಿದ ಕೂಳೆಗೂ ಹಳೆಯ ಕ್ರಮದಲ್ಲೇ ಬೆಂಕಿ ಹಾಕಿದೆವು. ಯುಗಾದಿಯ ಹತ್ತಿರ ಹೂಮಳೆ ಬಂತು, ಸುಟ್ಟ ನೆಲದ ವಾಸನೆ ಊರೊಳಗೆಲ್ಲ ತುಂಬಿತು, ಬುಡದಿಂದ ಚಿಗುರು ಬಂತು. ಆಮೇಲೆ ಮೂರು ವಾರ ಒಂದು ಹನಿಯೂ ಬೀಳಲಿಲ್ಲ. ಬಿಸಿಲು ಸುಡುತ್ತಿತ್ತು. ಗೇಣುದ್ದ ಬಂದ ಚಿಗುರು ಅಲ್ಲೇ ನಿಂತು ತುದಿ ಸುರುಳಿ ಸುತ್ತಿಕೊಂಡಿತು.

ಅಷ್ಟರಲ್ಲಿ ಅಟ್ಟದ ಹುಲ್ಲು ಮುಗಿದಿತ್ತು. ದನಗಳು ಒಂದು ವರ್ಷ ಮರದ ಸೊಪ್ಪು, ಗದ್ದೆ ಬದುವಿನ ಗರಿಕೆ ತಿಂದು ದಿನ ತಳ್ಳಿದ್ದವು. ಬೇಲಿಯ ಹೊರಗೆ ನಿಂತು ಒಳಗಿನ ಹಸಿರು ನೋಡುತ್ತಿದ್ದವು. ಚಿಗುರು ಪೂರ್ತಿ ಬಾಡಿ ಹೋಗುವ ಮುಂಚೆ ಬಿಡೋಣವೇ ಎಂದು ಮಲ್ಲಪ್ಪಜ್ಜ ಕೇಳಿದರು. ಬಿಡೋಣ ಎಂದೆ. ಜೇಬಿನಲ್ಲಿದ್ದ ಸಾಲು ನೆನಪಿಗೆ ಬಂತು, ಬರಲಿಲ್ಲವೆಂದು ಹೇಳಲಾರೆ. ಸೊಂಟದೆತ್ತರ ಬರಲಿ ಎಂದು ಕಾದರೆ ದನಗಳು ಅಷ್ಟರಲ್ಲಿ ಚಕ್ಕಳವಾಗುತ್ತವೆ ಎಂದು ಅದನ್ನು ಮನಸ್ಸಿನಿಂದ ತಳ್ಳಿದೆ.

ಒಂದು ಸೋಮವಾರ ಬೆಳಿಗ್ಗೆ ಬಾಣೆಯ ಬಾಗಿಲಿಗೆ ಪೂಜೆ ಮಾಡಿ ಕಾಯಿ ಒಡೆದೆವು. ಬಾಗಿಲೆಂದರೆ ಎರಡು ಕಂಬದ ನಡುವೆ ಅಡ್ಡ ಹಾಕಿದ ಬಿದಿರು ಗಳಗಳು. ಗಳ ಜಾರಿಸಿದವನು ನಾನು. ಆರು ಮನೆಯ ಮೂವತ್ತೆರಡು ದನಗಳು ನುಗ್ಗಿದವು. ತಲೆ ಎತ್ತದೆ ಮೇಯತೊಡಗಿದವು. ಹುಲ್ಲು ಕೀಳುವ ಸದ್ದು ಗುಡ್ಡದ ತುಂಬ ಕೇಳುತ್ತಿತ್ತು. ಹೆಂಗಸರು ನಕ್ಕರು, ಒಬ್ಬರು ಕಣ್ಣೊರೆಸಿಕೊಂಡರು. ನನ್ನ ಬೆನ್ನ ಮೇಲೆ ಯಾರೋ ಗುದ್ದಿ ಶಭಾಸ್ ಎಂದರು.

ನಮ್ಮ ಮನೆಯ ಎರಡು ಎತ್ತುಗಳೂ ಒಳಗಿದ್ದವು. ಕರು ಹಾಕಿ ವಾರವಾಗಿದ್ದ ಹಸು ಮಾತ್ರ ಕೊಟ್ಟಿಗೆಯಲ್ಲಿತ್ತು. ಬಾಣಂತಿ ಹಸುವಿಗೂ ಇರಲಿ ಎಂದು ಪಕ್ಕದ ಮನೆಯ ಕಾಳವ್ವ ಒಂದು ಹಿಡಿ ಚಿಗುರು ಕಿತ್ತು ಮಡಿಲಲ್ಲಿ ಕಟ್ಟಿಕೊಂಡು ಹೋಗಿ ಗಿರಿಜೆಯ ಕೈಗೆ ಕೊಟ್ಟಳು. ಗಿರಿಜೆ ಆ ಹುಲ್ಲನ್ನು ಹಸಿಯಾಗಿ ಕಂಡದ್ದು ಅದೇ ಮೊದಲು. ಹೊಸ ಸೊಸೆ, ಬಾಣೆಯ ಕಡೆ ಬಂದವಳೇ ಅಲ್ಲ.

ಅವಳು ಗುಡ್ಡ ಹತ್ತಿ ಓಡಿ ಬರುವುದನ್ನು ನಾನು ದೂರದಿಂದಲೇ ಕಂಡೆ. ಸೆರಗು ಜಾರಿತ್ತು. ಆರು ಮನೆಯ ಗಂಡಸರ ಎದುರಿಗೆ ನನ್ನ ಹೆಂಡತಿ ಹಾಗೆ ಓಡಿ ಬರುತ್ತಿದ್ದಾಳೆ ಎಂದು ನನಗೆ ನಾಚಿಕೆಯಾಯಿತು. ಬಾಗಿಲ ಹತ್ತಿರ ಬರುವ ಮುಂಚೆಯೇ ಅವಳು ಕೂಗಿದಳು.

"ದನ ಹೊರಕ್ ಹೊಡೀರಿ, ಸಾಯ್ತವೆ!"

ಯಾರೂ ಅಲುಗಲಿಲ್ಲ. ದನಗಳು ಸುಖವಾಗಿ ಮೇಯುತ್ತಿದ್ದವು. ನಾನು ಅವಳ ತೋಳು ಹಿಡಿದು, ಬಾಯಿ ಮುಚ್ಚಿಕೊಂಡು ಮನೆಗೆ ನಡೆ ಎಂದು ಗದರಿದೆ. ಇದು ಜೋಳದ ಕುಲದ್ದೇ, ಬಿಸಿಲಿಗೆ ಬಾಡಿದ ಎಳೆಚಿಗುರು ವಿಷ, ದಮ್ಮಯ್ಯ ಓಡಿಸಿ ಎಂದು ಅವಳು ನನ್ನ ಕೈ ಕೊಸರಿದಳು. ನಾನು ಬಿಡಲಿಲ್ಲ. ಎಷ್ಟು ಹೊತ್ತು ಹಿಡಿದು ನಿಂತಿದ್ದೆ ಎಂದು ಬಹಳ ಸಲ ಯೋಚಿಸಿದ್ದೇನೆ. ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಇರಬಹುದು.

ಮೊದಲು ಬಿದ್ದದ್ದು ಮಲ್ಲಪ್ಪಜ್ಜನ ದೊಡ್ಡ ಎತ್ತು. ತಲೆ ಎತ್ತಿ, ಗಾಳಿಯೇ ಇಲ್ಲವೆಂಬಂತೆ ಬಾಯಿ ತೆರೆದು ಉಸಿರೆಳೆಯಿತು. ಹಿಂಗಾಲು ಸೋತು ಕೂತಿತು. ಪಕ್ಕಕ್ಕೆ ಉರುಳಿ ನಾಲ್ಕು ಕಾಲನ್ನೂ ಝಾಡಿಸಿತು. ಅಜ್ಜ ಅದರ ಹತ್ತಿರ ಹೋಗುವಷ್ಟರಲ್ಲಿ ಜೊತೆಯ ಎತ್ತು ಬಿತ್ತು. ಆಮೇಲೆ ಎಲ್ಲ ಕಡೆ. ಒಂದನ್ನು ಎಬ್ಬಿಸಲು ಹೋದರೆ ಬೆನ್ನ ಹಿಂದೆ ಇನ್ನೊಂದು ದೊಪ್ಪೆಂದು ಬೀಳುತ್ತಿತ್ತು. ಸಾಯುವ ದನದ ವಸಡು ಬಿಳಿಚಿಕೊಳ್ಳುತ್ತದೆ ಎಂದು ಕೇಳಿದ್ದೆ. ಇವುಗಳ ವಸಡು ಕೆಂಪಗೆ, ದಾಸವಾಳದ ಕೆಂಪಿನಲ್ಲಿ ಹೊಳೆಯುತ್ತಿತ್ತು. ಕಣ್ಣೆದುರಿಗೆ ಆಗುತ್ತಿರುವುದು ಆಗುತ್ತಿದೆ ಎಂದು ತಲೆ ಒಪ್ಪಲಿಲ್ಲ. ಕೈಯಲ್ಲಿ ಬಿದಿರು ಗಳ ಹಿಡಿದುಕೊಂಡು ಕಂಬದಂತೆ ನಿಂತಿದ್ದೆ.

ಓಡಾಡಿದವಳು ಗಿರಿಜೆ ಒಬ್ಬಳೇ. ನಿಂತಿರುವ ದನಗಳನ್ನು ಹೊಡೆದು ಹೊರಗೆ ಹಾಕಿದಳು. ಮನೆಮನೆಗೆ ಜನ ಅಟ್ಟಿ ಬೆಲ್ಲ ತರಿಸಿ, ನೀರಲ್ಲಿ ಕದಡಿ, ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಹೊಯ್ಯಿಸಿದಳು. ಅವಳ ತವರಲ್ಲಿ ಹಾಗೆ ಮಾಡುತ್ತಾರಂತೆ. ಕೆಲವು ಎದ್ದವು, ಕೆಲವು ಏಳಲಿಲ್ಲ. ಹೊತ್ತು ನೆತ್ತಿಗೆ ಬರುವ ಮುಂಚೆ ಹದಿನೇಳು ದನ ಸತ್ತಿದ್ದವು. ಮಲ್ಲಪ್ಪಜ್ಜನ ಎರಡೂ ಎತ್ತು, ನಮ್ಮದೊಂದು, ಕಾಳವ್ವನ ಹಾಲು ಕೊಡುವ ಹಸು. ಬಸವಣ್ಣನನ್ನು ಪೂಜಿಸುವ ಊರು. ಗುಡ್ಡದ ಮೇಲೆ ಗುಂಡಿ ತೋಡುವುದಕ್ಕೆ ಎರಡು ದಿನ ಹಿಡಿಯಿತು. ಯಾರ ಮನೆಯಲ್ಲೂ ಒಲೆ ಹತ್ತಲಿಲ್ಲ.

ಮೂರನೆಯ ದಿನ ನಾನು ಕೋಟಿನ ಜೇಬಿನಿಂದ ಹಾಳೆ ತೆಗೆದು ಆ ಸಾಲನ್ನು ಮತ್ತೆ ಓದಿದೆ. ದೊರೆಗೆ ಗೊತ್ತಿತ್ತು. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಗೊತ್ತಿತ್ತು. ನಡುವೆ ನಿಂತಿದ್ದ ನಾನು ಇಬ್ಬರ ಮಾತನ್ನೂ ಕೇಳಿಸಿಕೊಂಡಿರಲಿಲ್ಲ. ಇಷ್ಟಾದರೂ ಹಾಳೆಯನ್ನು ಮಡಿಸಿ ಮತ್ತೆ ಜೇಬಿಗೇ ಹಾಕಿದೆ, ಯಾರಿಗೂ ತೋರಿಸಲಿಲ್ಲ.

ಅದೇ ದಿನ ಊರಲ್ಲಿ ಒಂದು ಪಿಸುಮಾತು ಎದ್ದಿತ್ತು. ಒಂದು ದನವೂ ಬೀಳುವ ಮುಂಚೆ ಸಾಯುತ್ತವೆ ಎಂದು ಅವಳು ಹೇಳಿದ್ದು ಹೇಗೆ? ಹುಲ್ಲು ತಿಂದು ದನ ಸಾಯುವುದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಅದೇ ಹುಲ್ಲನ್ನು ಒಣಗಿಸಿ ಹಾಕಿದಾಗ ದನಗಳು ಮೈ ತುಂಬಿಕೊಂಡಿದ್ದವು. ಬೇರೆ ಸೀಮೆಯ ಹೆಣ್ಣು, ಬಂದು ಮೂರು ತಿಂಗಳು. ಏನಾದರೂ ಹಾಕಿರಬೇಕು, ಇಲ್ಲವೇ ಕಣ್ಣು ಬಿದ್ದಿರಬೇಕು. ಅವಳ ಬೆಲ್ಲದ ನೀರಿನಿಂದ ಬದುಕಿದ ದನದ ಮನೆಯವರೂ ಹಾಗೆಯೇ ಹೇಳಿದರು. ಅದನ್ನು ಕೇಳಿ ನಾನು ಬೆಚ್ಚಿಬಿದ್ದೆ. ಬೆಚ್ಚಿದೆ, ಸುಮ್ಮನಿದ್ದೆ.

ಮರುದಿನ ಬೆಳಿಗ್ಗೆ ಬಾಣೆಯ ಬಾಗಿಲ ಹತ್ತಿರ ಊರು ಸೇರಿತು. ಗಿರಿಜೆಯನ್ನು ಕರೆಸಿದರು. ನಮ್ಮ ಕಡೆ ಜೋಳದ ಕೂಳೆಚಿಗುರಿಗೆ ಬರಗಾಲದಲ್ಲೂ ದನ ಬಿಡುವುದಿಲ್ಲ, ಇದು ಅದರದೇ ಜಾತಿ, ಎತ್ತರ ಬೆಳೆದ ಮೇಲೆ ಏನೂ ಆಗುವುದಿಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಯಾರ ಮುಖದಲ್ಲೂ ನಂಬಿಕೆ ಕಾಣಲಿಲ್ಲ. ನಮ್ಮಲ್ಲಿ ಜೋಳ ಬೆಳೆದವರೇ ಇರಲಿಲ್ಲ. ಸುಟ್ಟ ಬಾಣೆಯ ಚಿಗುರು ವಿಷ ಎಂಬುದು ಅವರಿಗೆ ತಾಯಿಹಾಲು ವಿಷ ಎಂದಂತೆ ಕೇಳಿಸಿತು. ಮಲ್ಲಪ್ಪಜ್ಜ ನನ್ನ ಕಡೆ ತಿರುಗಿದರು. ನಾಲ್ಕೇ ದಿನದಲ್ಲಿ ಅವರ ಮುಖ ಇಳಿದು ಹೋಗಿತ್ತು.

"ನೀನು ಓದ್ದೋನು. ನೀನೇಳಪ್ಪ. ಹುಲ್ಲೋ, ಬ್ಯಾರೆ ಏನಾರ ಐತೋ?"

ಹುಲ್ಲು ಎಂದರೆ ತಪ್ಪು ನನ್ನದು. ಹಾಳೆ ಕೋಟಿನ ಜೇಬಿನಲ್ಲೇ ಇತ್ತು, ಎದೆಗೆ ಒತ್ತುತ್ತಿತ್ತು. ಗಿರಿಜೆ ನನ್ನನ್ನೇ ನೋಡುತ್ತಿದ್ದಳು, ಗಂಡ ಹೇಳುತ್ತಾನೆ ಎಂಬ ಧೈರ್ಯದಿಂದ.

"ನಂಗೇನೂ ಗೊತ್ತಿಲ್ಲಜ್ಜ" ಎಂದೆ.

ನನ್ನ ಬಾಯಿಂದಲೇ ಬಂದ ಮಾತು ಅದು ಎಂದು ನನಗೇ ನಂಬಿಕೆಯಾಗಲಿಲ್ಲ. ದನಗಳು ಬಿದ್ದಾಗಲೂ ನಾನು ಅಷ್ಟು ದಿಗಿಲುಬಿದ್ದಿರಲಿಲ್ಲ. ಗಿರಿಜೆ ಅಳಲಿಲ್ಲ, ಜಗಳವಾಡಲಿಲ್ಲ. ತಿರುಗಿ ಗುಡ್ಡ ಇಳಿದು ಮನೆಯ ಕಡೆ ಹೋದಳು. ನೋಡಿದಿರಾ, ಹೊರಟೇ ಹೋದಳು ಎಂದು ಯಾರೋ ಅಂದರು. ನಾನು ನೆಲ ನೋಡುತ್ತಾ ನಿಂತೆ.

ಸ್ವಲ್ಪ ಹೊತ್ತಿಗೆ ಅವಳು ಮತ್ತೆ ಬಂದಳು. ಕೈಯಲ್ಲಿ ನಮ್ಮ ಬಾಣಂತಿ ಹಸುವಿನ ಹಗ್ಗ. ಹಿಂದಿನಿಂದ ಕರು ಕುಣಿಯುತ್ತಾ ಬರುತ್ತಿತ್ತು. ಯಾರ ಮುಖವನ್ನೂ ನೋಡದೆ ಜನರ ನಡುವಿನಿಂದ ಹಾದು ಬಾಗಿಲಿಗೆ ಹೋದಳು. ಮೇಲಿನ ಗಳ ಜಾರಿಸಿದಳು. ಕೆಳಗಿನ ಗಳ ಜಾರಿಸಿದಳು. ಒಳಗೆ ಮೇಯದೆ ಉಳಿದಿದ್ದ ಚಿಗುರಿಗೆ ಹಸು ಮೂತಿ ಚಾಚಿತು. ಅವಳು ಹಗ್ಗವನ್ನು ಒಂದು ಮಾರು ಸಡಿಲ ಬಿಟ್ಟಳು.

"ಬಿಡಬೇಡ್ವೇ, ಸಾಯ್ತದೆ!"

ಕೂಗಿದವನು ನಾನು. ಕೂಗುತ್ತಲೇ ಓಡಿ ಹಗ್ಗ ಹಿಡಿದು ಎಳೆದೆ. ಹಸು ಮುಗ್ಗರಿಸಿ ಹಿಂದೆ ಬಂತು. ತಿರುಗಿ ನೋಡಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಮಲ್ಲಪ್ಪಜ್ಜ ಕೋಲೂರಿಕೊಂಡು ನಿಧಾನವಾಗಿ ಎದ್ದರು.

"ಈಗ ಹೆಂಗ್ ಗೊತ್ತಾಯ್ತು?" ಎಂದರು.

ನಾನು ಹಾಳೆ ತೆಗೆದೆ. ಇಂಗ್ಲಿಷಿನಲ್ಲಿದ್ದ ಆ ಸಾಲನ್ನು ಕನ್ನಡದಲ್ಲಿ ಓದಿದೆ. ಶಿವರಾತ್ರಿಗೆ ಮುಂಚೆಯೇ ಇದು ಜೇಬಿನಲ್ಲಿತ್ತು ಎಂದೆ. ಹೆಂಡತಿ ಜೋಳ ಎಂದಾಗ ಕೇಳಲಿಲ್ಲ, ಓಡಿ ಬಂದಾಗ ತೋಳು ಹಿಡಿದು ನಿಲ್ಲಿಸಿದೆ ಎಂದೂ ಹೇಳಿದೆ. ಬೈಯಲಿ, ಹೊಡೆಯಲಿ ಎಂದು ಕಾದೆ. ಯಾರೂ ಬೈಯಲಿಲ್ಲ. ಮಲ್ಲಪ್ಪಜ್ಜ ಗಿರಿಜೆಯ ಮುಂದೆ ಹೋಗಿ ಕೈ ಮುಗಿದರು. ಎಪ್ಪತ್ತು ದಾಟಿದ ಮುದುಕರು. ಅವಳು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದಳು. ನನ್ನನ್ನು ದಾಟಿ ಹೋಗುವಾಗ ಅಜ್ಜ ನಿಲ್ಲಲಿಲ್ಲ. ಉಳಿದವರೂ ನಿಲ್ಲಲಿಲ್ಲ.

ಆ ವರ್ಷ ಉಳಿದ ಎತ್ತುಗಳನ್ನೇ ಜೊತೆ ಮಾಡಿ ಸರದಿಯ ಮೇಲೆ ಉತ್ತೆವು. ನಾನು ಎಸ್ಟೇಟಿಗೆ ಹದಿನೈದು ದಿನ ರಜೆ ಹಾಕಿ, ನಮ್ಮ ಒಂದು ಎತ್ತಿಗೆ ಕಾಳವ್ವನ ಮನೆಯ ಒಂದು ಎತ್ತು ಕಟ್ಟಿ ಮಲ್ಲಪ್ಪಜ್ಜನ ಗದ್ದೆ ಮೊದಲು ಉತ್ತುಕೊಟ್ಟೆ. ಅಜ್ಜ ಬದುವಿನ ಮೇಲೆ ಕೂತು ನೋಡಿದರು, ಮಜ್ಜಿಗೆ ಕೊಟ್ಟರು, ಮಾತಾಡಲಿಲ್ಲ. ಮನೆಯಲ್ಲಿ ಗಿರಿಜೆ ಊಟಕ್ಕೆ ಕರೆಯುತ್ತಿದ್ದಳು, ಬಿಸಿನೀರು ಕಾಯಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ತಾನಾಗಿ ಒಂದು ಮಾತೂ ಆಡುತ್ತಿರಲಿಲ್ಲ. ತಪ್ಪಾಯಿತು ಎಂದು ಎರಡು ಸಲ ಹೇಳಿದೆ. ಎರಡು ಸಲವೂ ಅವಳು ಹೂಂ ಎಂದಳು.

ಜೂನಿನಲ್ಲಿ ಮುಂಗಾರು ಕಟ್ಟಿಕೊಂಡು ಸುರಿಯಿತು. ಬಾಣೆಯ ಹುಲ್ಲು ದಿನಕ್ಕಿಷ್ಟು ಎಂದು ಎದ್ದು ಸೊಂಟ ದಾಟಿತು. ಬದುಕಿದ ಹದಿನೈದು ದನಗಳಿಗೆ ಮೇವಿಲ್ಲ, ಬಾಗಿಲು ಮುಟ್ಟುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ. ಒಂದು ಬೆಳಿಗ್ಗೆ ಮಲ್ಲಪ್ಪಜ್ಜ ಮಳೆಗೆ ಎಲೆಯ ಗೊರಗ ಹೊದ್ದು ನಮ್ಮ ಮನೆಗೆ ಬಂದರು. ನಾನು ಜಗಲಿಯಲ್ಲೇ ಕೂತಿದ್ದೆ. ಎದ್ದು ನಿಂತೆ. ಅವರು ನನ್ನ ಪಕ್ಕದಿಂದ ಹಾದು ಒಳಬಾಗಿಲ ಹತ್ತಿರ ನಿಂತು, ಬಾಣೆಗೆ ದನ ಬಿಡಬಹುದೇನವ್ವ ಎಂದು ಗಿರಿಜೆಯನ್ನು ಕೇಳಿದರು.

ಅವಳು ಕೈ ಒರೆಸಿಕೊಂಡು ಹೊರಗೆ ಬಂದಳು. ನೋಡಿ ಹೇಳುತ್ತೇನೆ ಎಂದು ಕೊಟ್ಟಿಗೆಗೆ ಹೋಗಿ ಅದೇ ಹಸುವನ್ನು ಬಿಚ್ಚಿದಳು. ಮೊದಲು ತನ್ನ ಹಸು ತಿನ್ನಲಿ, ಆಮೇಲೆ ಊರಿನವು ಎಂದಳು. ಅಜ್ಜ ಮುಂದೆ ನಡೆದರು, ಅವಳು ಹಸು ಹಿಡಿದು ಹಿಂದೆ. ಅಂಗಳದ ಕೊನೆಗೆ ಹೋದವಳು ನಿಂತು, ಎರಡು ತಿಂಗಳಲ್ಲಿ ಮೊದಲ ಬಾರಿಗೆ ತಾನಾಗಿ ನನ್ನ ಕಡೆ ತಿರುಗಿದಳು.

"ನೀವೂ ಬನ್ನಿ. ನಿಮ್ಗೇನೂ ಗೊತ್ತಿಲ್ವಲ್ಲ, ತೋರುಸ್ತೀನಿ."